ಸಾರಜನಕದ ಮಾತ್ರೆ: ಮಣ್ಣಿನ ಚೀಟಿಯನ್ನು ಓದುವ ಬಗೆ

ಶಾಲೆಯ ಸ್ಮರಣ ಸಂಚಿಕೆಗೆ ಕನ್ನಡ ಪಂಡಿತನಾದವನು ವಚನವಾಙ್ಮಯವನ್ನೋ ಹಳಗನ್ನಡ ಕಾವ್ಯವನ್ನೋ ಕುರಿತು ಬರೆಯುವುದು ವಾಡಿಕೆ. ಈ ಸಲ ನಾನು ಗೊಬ್ಬರದ ವಿಷಯವನ್ನು ಎತ್ತಿಕೊಂಡುದನ್ನು ಕಂಡು ವಾಚಕರು ಹುಬ್ಬೇರಿಸಬಹುದು. ಆದುದರಿಂದ ಕಾರಣವನ್ನು ಮೊದಲೇ ನಿವೇದಿಸಿಕೊಳ್ಳುತ್ತೇನೆ.

ಎರಡು ವರ್ಷಗಳ ಹಿಂದಿನ ಬೇಸಗೆಯಲ್ಲಿ ನಮ್ಮ ಎಂಟನೆಯ ತರಗತಿಯ ವಿದ್ಯಾರ್ಥಿಯೊಬ್ಬನ ತಂದೆ, ಬ್ಯಾಡಗಿ ತಾಲೂಕಿನ ರೈತರು, ನಾಲ್ಕಾಗಿ ಮಡಚಿದ ಕಾಗದವೊಂದನ್ನು ನನ್ನ ಮುಂದೆ ಬಿಡಿಸಿಟ್ಟರು. “ಗುರುಗಳ, ಇದು ಕನ್ನಡದಾಗನ ಐತಿ. ಓದಾಕ ಬರ್ತೈತಿ, ತಿಳಿಯಂಗಿಲ್ಲ. ನೀವು ಕನ್ನಡ ಪಂಡಿತರು, ಒಂದೀಟು ಬಿಡಿಸಿ ಹೇಳ್ರಿ” ಎಂದರು. ಅದು ಮಣ್ಣು ಆರೋಗ್ಯ ಚೀಟಿ. ‘ಲಭ್ಯ ಸಾರಜನಕ’ ಎಂಬುದರ ಎದುರಿಗೆ ಹೆಕ್ಟೇರಿಗೆ ೨೪೦ ಕಿಲೋ ಎಂದೂ, ಅದರ ಮುಂದೆ ‘ಕಡಿಮೆ’ ಎಂದೂ ಅಚ್ಚಾಗಿತ್ತು. “ಗೋವಿನಜೋಳಕ್ಕ ಹೆಕ್ಟೇರಿಗೆ ನೂರು ಕಿಲೋ ಬೇಕು ಅಂತಾರ. ಹೊಲದಾಗ ಇನ್ನೂರಾ ನಲವತ್ತು ಐತಿ ಅಂತ ಇದ ಹೇಳತೈತಿ. ಹಂಗಿದ್ದ ಮ್ಯಾಲ ಕಡಿಮಿ ಹೆಂಗ ಆತ್ರಿ? ಎಷ್ಟು ಚೀಲ ಹಾಕಲಿ?” ಎಂದು ಕೇಳಿದರು.

ಪ್ರಶ್ನೆ ನ್ಯಾಯವಾದುದು, ಉತ್ತರ ನನ್ನಲ್ಲಿರಲಿಲ್ಲ. ಪದಗಳ ಅರ್ಥವನ್ನು ಬಲ್ಲೆ. ತಾತ್ಪರ್ಯ ನನಗೂ ತಿಳಿಯಲಿಲ್ಲ. ಅಂದಿನಿಂದ ಬಲ್ಲವರನ್ನು ಕೇಳಿ, ಓದಿ, ನಾನು ಕಲಿತುದನ್ನು ಈ ಲೇಖನದಲ್ಲಿ ಕ್ರಮವಾಗಿ ಇಟ್ಟಿದ್ದೇನೆ. ಆ ಚೀಟಿಯ ಅಂಕಿ ಆಜ್ಞೆಯಲ್ಲ, ಸಾಕ್ಷ್ಯ. ಅದನ್ನು ಮಣ್ಣು, ಬೆಳೆ, ಮಳೆ ಈ ಮೂರರೊಡನೆ ಕೂಡಿಸಿ ಓದಿದರೆ ಮಾತ್ರ ಅದು ಫಲಕಾರಿ ಎಂಬುದೇ ಇದರ ಸಾರಾಂಶ.

ಗೊಬ್ಬರದ ಬೆಲೆ

ಹಾವೇರಿಯ ನೆಲದಲ್ಲಿ ಗೊಬ್ಬರದ ಮಾತನ್ನು ಹಗುರಾಗಿ ಆಡುವಂತಿಲ್ಲ. ೨೦೦೮ರ ಜೂನ್ ೧೦ರಂದು, ಬಿತ್ತಿಗೆಯ ಹದವಾಗಿ ಗೊಬ್ಬರ ದೊರೆಯದೆ ಬೀದಿಗಿಳಿದ ರೈತರ ಮೇಲೆ ಇದೇ ಹಾವೇರಿಯಲ್ಲಿ ಗೋಲಿಬಾರ್ ಆಯಿತು. ಇಬ್ಬರು ರೈತರು ಪ್ರಾಣ ತೆತ್ತರು. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಆ ಸಾವು ತಪ್ಪುತ್ತಿತ್ತೆಂದು ಹೇಳಿದರೆ ಅದು ಸತ್ತವರಿಗೆ ಮಾಡುವ ಅನ್ಯಾಯವಾದೀತು. ಬಿತ್ತುವ ಹೊತ್ತಿಗೆ ಗೊಬ್ಬರ ಬೇಕೆಂಬುದು ಅವರ ನ್ಯಾಯವಾದ ಬೇಡಿಕೆ. ಆದರೆ ಯಾವುದಕ್ಕಾಗಿ ಜೀವ ಹೋಗಿದೆಯೋ ಅದನ್ನು ಅಳತೆಯಿಲ್ಲದೆ ಚೆಲ್ಲಬಾರದೆಂಬ ಎಚ್ಚರವನ್ನಾದರೂ ಆ ದಿನ ನಮ್ಮಲ್ಲಿ ಉಳಿಸಬೇಕು.

ಯೂರಿಯಾದ ಬೆಲೆಯನ್ನು ಸರಕಾರವೇ ಕಟ್ಟುನಿಟ್ಟಾಗಿ ಗೊತ್ತುಮಾಡುತ್ತ ಬಂದಿದೆ. ೨೦೧೦ರಿಂದ ರಂಜಕ, ಪೊಟ್ಯಾಷ್ ಗೊಬ್ಬರಗಳು ಪೋಷಕಾಂಶ ಆಧಾರಿತ ಸಹಾಯಧನದ ಪದ್ಧತಿಗೆ ಒಳಪಟ್ಟವು. ಯೂರಿಯಾ ಅದರಿಂದ ಹೊರಗುಳಿಯಿತು. ಹೀಗಾಗಿ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗವಾದುದು ಯೂರಿಯಾ. ಹಾಕಿದ ನಾಲ್ಕೈದು ದಿನಗಳಲ್ಲಿ ಬೆಳೆ ಕಪ್ಪುಹಸುರಾಗಿ ನಿಲ್ಲುವುದರಿಂದ ಕಣ್ಣಿಗೆ ನಂಬಿಕೆ ಹುಟ್ಟಿಸುವುದೂ ಅದೇ. ಆದರೆ ಎಲೆಯ ಹಸುರು ಕಾಳಿನ ತೂಕವಲ್ಲ. ಮಿತಿಮೀರಿದ ಸಾರಜನಕದಿಂದ ದಂಟು ಮೆತ್ತಗಾಗಿ ಗಾಳಿಗೆ ಬೀಳುತ್ತದೆ, ಕೀಟರೋಗಗಳಿಗೆ ಬೆಳೆ ಎಳಸಾಗುತ್ತದೆ, ಉಂಡುಳಿದದ್ದು ನೈಟ್ರೇಟ್ ರೂಪದಲ್ಲಿ ಬಸಿದು ಬಾವಿ, ಕೊಳವೆಬಾವಿಗಳ ನೀರನ್ನು ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ ೪೫ ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವಿದೆ. ಹೊಲದಲ್ಲಿ ಚೆಲ್ಲಿದ್ದು ಮನೆಯ ಕೊಡಕ್ಕೆ ಬರುವ ದಾರಿ ದೂರದ್ದಲ್ಲ.

ಲಭ್ಯವೂ ಲಬ್ಧವೂ

ಈಗ ಆ ರೈತರ ಪ್ರಶ್ನೆಗೆ ಬರೋಣ. ಸಾರಜನಕವು ಗಾಳಿಯಲ್ಲಿ ನೂರಕ್ಕೆ ೭೮ ಪಾಲು ಇದೆ. ಆದರೆ ಗೋವಿನಜೋಳವಾಗಲಿ ಬಿಳಿಜೋಳವಾಗಲಿ ಭತ್ತವಾಗಲಿ ಅದನ್ನು ಗಾಳಿಯಿಂದ ನೇರವಾಗಿ ತೆಗೆದುಕೊಳ್ಳಲಾರವು. ಬೇರಿನ ಗಂಟುಗಳಲ್ಲಿ ಸೂಕ್ಷ್ಮಜೀವಿಗಳಿಗೆ ಮನೆಕೊಟ್ಟ ತೊಗರಿ, ಹೆಸರು, ಅಲಸಂದಿ, ಶೇಂಗಾಗಳಿಗೆ ಮಾತ್ರ ಆ ಭಾಗ್ಯ. ಏಕದಳ ಧಾನ್ಯಗಳು ಮಣ್ಣಿನಲ್ಲಿ ಕರಗಿದ ಸಾರಜನಕವನ್ನೇ ಬೇರಿನಿಂದ ಹೀರಬೇಕು. ಒಂದು ಕ್ವಿಂಟಲ್ ಗೋವಿನಜೋಳದ ಕಾಳು ಹೊಲದಿಂದ ಹೊರಗೆ ಹೋದರೆ ಅದರೊಡನೆ ಸುಮಾರು ಒಂದೂವರೆ ಕಿಲೋ ಸಾರಜನಕ ಹೋಗುತ್ತದೆ. ಎಕರೆಗೆ ೨೦ ಕ್ವಿಂಟಲ್ ಬೆಳೆದವನು ಕಾಳಿನಲ್ಲಿಯೇ ೩೦ ಕಿಲೋ ಮಾರಿದಂತಾಯಿತು.

ಮಣ್ಣಿನಲ್ಲಿರುವ ಸಾರಜನಕದ ಬಹುಪಾಲು ಕೊಳೆತ ಎಲೆ, ಬೇರು, ಸಗಣಿಗಳ ಸಾವಯವ ಅಂಶದಲ್ಲಿ ಬಂಧಿತವಾಗಿದೆ. ತೇವ ಮತ್ತು ಕಾವು ಕೂಡಿದಾಗ ಸೂಕ್ಷ್ಮಜೀವಿಗಳು ಅದನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿಸಿ ಬೇರಿಗೆ ಕೊಡುತ್ತವೆ. ಇದನ್ನು ಅಳೆಯಲು ನಮ್ಮ ದೇಶದ ಪ್ರಯೋಗಾಲಯಗಳಲ್ಲಿ ಬಳಸುವ ವಿಧಾನವೊಂದನ್ನು ಸುಬ್ಬಯ್ಯ ಮತ್ತು ಅಸೀಜಾ ಎಂಬ ಭಾರತೀಯ ವಿಜ್ಞಾನಿಗಳು ೧೯೫೬ರಲ್ಲಿ ಪ್ರಕಟಿಸಿದರು. ಮಣ್ಣನ್ನು ಕ್ಷಾರಯುಕ್ತ ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣದೊಡನೆ ಕುದಿಸಿ, ಹೊರಬರುವ ಅಮೋನಿಯಾವನ್ನು ಹಿಡಿದು ಅಳೆಯುವುದು ಅದರ ಕ್ರಮ. ಕೆಲವು ಕಡೆಗಳಲ್ಲಿ ಸಾವಯವ ಇಂಗಾಲವನ್ನು ಅಳೆದು ಅದರಿಂದಲೇ ಸಾರಜನಕದ ಮಟ್ಟವನ್ನು ಅಂದಾಜು ಮಾಡುವುದೂ ಉಂಟು. ಹೀಗೆ ಬಂದ ಅಂಕಿ ಹೆಕ್ಟೇರಿಗೆ ೨೮೦ ಕಿಲೋಗಿಂತ ಕೆಳಗಿದ್ದರೆ ‘ಕಡಿಮೆ’, ೨೮೦ರಿಂದ ೫೬೦ರವರೆಗೆ ‘ಮಧ್ಯಮ’, ಅದಕ್ಕೂ ಮೇಲಿದ್ದರೆ ‘ಹೆಚ್ಚು’ ಎಂದು ಎಣಿಸುತ್ತಾರೆ. ಸಾವಯವ ಇಂಗಾಲವಾದರೆ ನೂರಕ್ಕೆ ಅರ್ಧಕ್ಕಿಂತ ಕೆಳಗೆ ‘ಕಡಿಮೆ’, ಮುಕ್ಕಾಲಕ್ಕಿಂತ ಮೇಲೆ ‘ಹೆಚ್ಚು’.

ಇಲ್ಲಿ ವ್ಯಾಕರಣ ನೆರವಿಗೆ ಬರುತ್ತದೆ. ‘ಲಬ್ಧ’ವೆಂದರೆ ದೊರೆತದ್ದು, ‘ಲಭ್ಯ’ವೆಂದರೆ ದೊರೆಯತಕ್ಕದ್ದು. ಎರಡಕ್ಕೂ ಧಾತು ಒಂದೇ, ಪ್ರತ್ಯಯ ಬೇರೆ. ಆ ಪ್ರತ್ಯಯದಲ್ಲಿಯೇ ರೈತನ ಲಾಭನಷ್ಟ ಅಡಗಿದೆ. ಚೀಟಿಯಲ್ಲಿರುವ ೨೪೦ ಕಿಲೋ ಕೈಗೆ ಬಂದ ಸಾರಜನಕವಲ್ಲ. ಹಿಂದೆ ನಮ್ಮ ಊರುಗಳಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರಲ್ಲವೆ? ಹಗೇವಿನಲ್ಲಿ ಎಷ್ಟಿದೆ ಎಂಬುದು ಒಂದು ಮಾತು, ಇಂದಿನ ರೊಟ್ಟಿಗೆ ಎಷ್ಟು ತೆಗೆದಿದ್ದೇವೆ ಎಂಬುದು ಇನ್ನೊಂದು ಮಾತು. ಪ್ರಯೋಗಾಲಯವು ಹಗೇವಿನ ಅಂದಾಜನ್ನು ಹೇಳುತ್ತದೆ. ಆ ಬಾಯಿ ತೆರೆಯುವುದು ಮಳೆ ಮತ್ತು ಸೂಕ್ಷ್ಮಜೀವಿಗಳ ಕೈಯಲ್ಲಿದೆ. ಒಂದು ಹಂಗಾಮಿನಲ್ಲಿ ಅವು ಕೊಡುವುದು ಅದರಲ್ಲಿ ಒಂದು ಪಾಲನ್ನು ಮಾತ್ರ. ಆದುದರಿಂದ ೨೪೦ರಲ್ಲಿ ೧೦೦ನ್ನು ಕಳೆದು ‘ಇನ್ನೂ ೧೪೦ ಉಳಿಯಿತು’ ಎನ್ನುವ ಲೆಕ್ಕ ಸಲ್ಲದು. ಅಂತಹ ಅಂಕಿಯುಳ್ಳ ಮಣ್ಣಿನಲ್ಲಿ ಬೆಳೆ ಗೊಬ್ಬರಕ್ಕೆ ಚೆನ್ನಾಗಿ ಓಗೊಡುತ್ತದೆ ಎಂಬುದಷ್ಟೇ ‘ಕಡಿಮೆ’ ಎಂಬ ಪದದ ತಾತ್ಪರ್ಯ.

ಪರೀಕ್ಷೆಗೆ ತಕ್ಕ ಮಣ್ಣು

‘ಪರೀಕ್ಷೆ’ ಎಂಬಲ್ಲಿ ‘ಪರಿ’ ಎಂದರೆ ಸುತ್ತಲೂ. ‘ಈಕ್ಷೆ’ ಎಂದರೆ ನೋಟ. ಸುತ್ತಲೂ ನೋಡದುದು ಪರೀಕ್ಷೆಯೇ ಅಲ್ಲ. ಕೇಂದ್ರ ಸರಕಾರ ೨೦೧೫ರಲ್ಲಿ ಮಣ್ಣು ಆರೋಗ್ಯ ಚೀಟಿಯ ಯೋಜನೆಯನ್ನು ಆರಂಭಿಸಿದಾಗ, ಮಳೆಯಾಶ್ರಿತ ಭೂಮಿಯಲ್ಲಿ ೧೦ ಹೆಕ್ಟೇರಿಗೆ ಒಂದು, ನೀರಾವರಿಯಲ್ಲಿ ಎರಡೂವರೆ ಹೆಕ್ಟೇರಿಗೆ ಒಂದು ಮಾದರಿಯನ್ನು ತೆಗೆಯಬೇಕೆಂದು ಗೊತ್ತುಮಾಡಿತ್ತು. ೧೦ ಹೆಕ್ಟೇರ್ ಎಂದರೆ ಸುಮಾರು ೨೫ ಎಕರೆ. ನಮ್ಮ ಸೀಮೆಯಲ್ಲಿ ಅಷ್ಟು ಭೂಮಿಯಲ್ಲಿ ಏಳೆಂಟು ಮನೆತನಗಳ ಹೊಲಗಳಿರುತ್ತವೆ. ಒಂದೇ ಬದುವಿನ ಆಚೆಗೆ ಎರೆ, ಈಚೆಗೆ ಮಸಾರಿ ಇರುವುದೂ ಅಪರೂಪವಲ್ಲ. ಹೀಗಿರುವಲ್ಲಿ ರೈತನ ಕೈಯಲ್ಲಿರುವ ಹಳೆಯ ಚೀಟಿಯ ಅಂಕಿ ನೆರೆಯವನ ಮಣ್ಣಿನದಾಗಿರಲೂಬಹುದು. ಯೋಜನೆಯಿಂದ ಊರಿನ ಒಟ್ಟು ಚಿತ್ರ ದೊರೆತುದು ನಿಜವಾದ ಉಪಕಾರ; ಆದರೆ ತನ್ನ ಹೊಲದ ನಿರ್ಣಯಕ್ಕೆ ತನ್ನ ಹೊಲದ ಮಣ್ಣೇ ಬೇಕು.

ಮಣ್ಣನ್ನು ತೆಗೆಯುವ ಕ್ರಮ ಕಷ್ಟದ್ದೇನೂ ಅಲ್ಲ. ಸುಗ್ಗಿ ಮುಗಿದು ಹೊಲ ಬಯಲಾದ ಬೇಸಗೆಯೇ ಪ್ರಶಸ್ತ ಕಾಲ. ಎರೆಗೆ ಬೇರೆ, ಮಸಾರಿಗೆ ಬೇರೆ, ತಗ್ಗಿಗೆ ಬೇರೆ, ದಿಬ್ಬಕ್ಕೆ ಬೇರೆ ಮಾದರಿ ಇರಬೇಕು. ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತ ಹತ್ತು-ಹದಿನೈದು ಕಡೆ ಮೇಲಿನ ಕಸವನ್ನು ಸರಿಸಿ, ಸಲಿಕೆಯಿಂದ ಗೇಣುದ್ದಕ್ಕಿಂತ ಸ್ವಲ್ಪ ಕಡಿಮೆ, ಎಂದರೆ ಸುಮಾರು ೧೫ ಸೆಂಟಿಮೀಟರ್ ಆಳದ ಇಳಿಜಾರು ಕುಳಿಯನ್ನು ತೋಡಿ, ಅದರ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೂ ಒಂದೇ ದಪ್ಪನಾಗಿ ಮಣ್ಣನ್ನು ಕೆರೆದುಕೊಳ್ಳಬೇಕು. ಬದುವಿನ ಪಕ್ಕ, ಗಿಡದ ನೆರಳು, ತಿಪ್ಪೆ ಹಾಕಿದ್ದ ಜಾಗ, ದನ ಕಟ್ಟಿದ್ದ ಜಾಗ ಇವುಗಳನ್ನು ಬಿಡಬೇಕು. ಎಲ್ಲವನ್ನೂ ಶುಚಿಯಾದ ಬಟ್ಟೆಯ ಮೇಲೆ ಕಲಸಿ ಹರಡಿ, ರೊಟ್ಟಿಯನ್ನು ಮುರಿದಂತೆ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ಬಿಟ್ಟು ಉಳಿದೆರಡನ್ನು ಮತ್ತೆ ಕಲಸಬೇಕು. ಅರ್ಧ ಕಿಲೋ ಉಳಿಯುವವರೆಗೆ ಹೀಗೆಯೇ ಮಾಡಿ, ನೆರಳಿನಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ಹಾಕಿ ಹೆಸರು, ಊರು, ಸರ್ವೆ ನಂಬರು, ಹಿಂದಿನ ಬೆಳೆ, ಮುಂದಿನ ಬೆಳೆಗಳನ್ನು ಬರೆದ ಚೀಟಿಯನ್ನು ಇಡಬೇಕು. ಮನೆಯಲ್ಲಿ ಬಿದ್ದಿರುವ ಖಾಲಿ ಯೂರಿಯಾ ಚೀಲದಲ್ಲಿ ಮಾತ್ರ ಮಣ್ಣನ್ನು ಹಾಕಬಾರದು. ಹಾಕಿದರೆ ಪರೀಕ್ಷೆ ಚೀಲದ್ದಾಗುತ್ತದೆ, ಹೊಲದ್ದಲ್ಲ.

ಮಾದರಿಯನ್ನು ಎಲ್ಲಿಗೆ, ಯಾವಾಗ ಕೊಡಬೇಕೆಂಬುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. ರಾಣೇಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ; ಕೃಷಿ ಮಹಾವಿದ್ಯಾಲಯವೂ ಅಲ್ಲಿಯೇ ಇದೆ. ಕೇಳಿದವರಿಗೆ ಹೇಳುವ ವಿದ್ವಾಂಸರು ಇಷ್ಟು ಸಮೀಪದಲ್ಲಿರುವುದು ನಮ್ಮ ಜಿಲ್ಲೆಯ ಸುಯೋಗ.

ಚೀಲದ ಲೆಕ್ಕ

‘ಎಷ್ಟು ಚೀಲ?’ ಎಂಬುದಕ್ಕೆ ಉತ್ತರ ಹೇಳದೆ ಲೇಖನವನ್ನು ಮುಗಿಸುವಂತಿಲ್ಲ. ಮಳೆಯಾಶ್ರಿತ ಗೋವಿನಜೋಳಕ್ಕೆ ಹೆಕ್ಟೇರಿಗೆ ೧೦೦ ಕಿಲೋ ಸಾರಜನಕವೆಂಬ ಶಿಫಾರಸನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಹೆಕ್ಟೇರ್ ಎಂದರೆ ಎರಡೂವರೆ ಎಕರೆ. ಆದುದರಿಂದ ಎಕರೆಗೆ ೪೦ ಕಿಲೋ. ಪರೀಕ್ಷೆಯಲ್ಲಿ ‘ಮಧ್ಯಮ’ ಬಂದರೆ ಇಷ್ಟೇ; ‘ಕಡಿಮೆ’ ಬಂದರೆ ಸಾಮಾನ್ಯವಾಗಿ ಕಾಲುಭಾಗ ಕೂಡಿಸಿ ೫೦; ‘ಹೆಚ್ಚು’ ಬಂದರೆ ಕಾಲುಭಾಗ ಕಳೆದು ೩೦. 

ಇದರಲ್ಲಿ ಮೊದಲು ಮನೆಯ ಗೊಬ್ಬರವನ್ನು ಕಳೆಯಬೇಕು. ಎಕರೆಗೆ ನಾಲ್ಕು ಚಕ್ಕಡಿ, ಸುಮಾರು ಎರಡು ಟನ್ ತಿಪ್ಪೆಗೊಬ್ಬರ ಹಾಕಿದ್ದರೆ ಅದರಲ್ಲಿ ಸುಮಾರು ೧೦ ಕಿಲೋ ಸಾರಜನಕವಿದ್ದು, ಮೊದಲ ವರ್ಷ ಬೆಳೆಗೆ ಸಿಗುವುದು ೩ ಕಿಲೋ ಎಂದು ಹಿಡಿಯೋಣ. ಬಿತ್ತುವಾಗ ರಂಜಕಕ್ಕಾಗಿ ಒಂದು ಚೀಲ ಡಿ.ಎ.ಪಿ. ಹಾಕಿದರೆ, ಆ ೫೦ ಕಿಲೋದಲ್ಲಿ ೯ ಕಿಲೋ ಸಾರಜನಕವೂ ಬರುತ್ತದೆ. ಇದನ್ನು ಮರೆಯುವವರೇ ಹೆಚ್ಚು. ಎರಡೂ ಸೇರಿ ೧೨ ಕಿಲೋ ಆಯಿತು.

ಇನ್ನು ಯೂರಿಯಾ. ಅದರಲ್ಲಿ ನೂರಕ್ಕೆ ೪೬ ಪಾಲು ಸಾರಜನಕ. ಈಗಿನ ೪೫ ಕಿಲೋ ಚೀಲದಲ್ಲಿ ೨೦ ಕಿಲೋ ೭೦೦ ಗ್ರಾಂ. ‘ಕಡಿಮೆ’ ಇರುವ ಹೊಲಕ್ಕೆ ಉಳಿದ ೩೮ ಕಿಲೋ ಸಾರಜನಕಕ್ಕಾಗಿ ೮೩ ಕಿಲೋ ಯೂರಿಯಾ, ಎಂದರೆ ಎರಡು ಚೀಲಕ್ಕೆ ಸ್ವಲ್ಪ ಕಡಿಮೆ. ‘ಮಧ್ಯಮ’ಕ್ಕೆ ೬೧ ಕಿಲೋ, ಒಂದು ಚೀಲ ಮತ್ತು ಮೂರನೆಯ ಒಂದು ಪಾಲು. ‘ಹೆಚ್ಚು’ ಇದ್ದರೆ ೩೯ ಕಿಲೋ, ಒಂದು ಚೀಲವೂ ಪೂರ್ತಿ ಬೇಡ. ಮೇಲಿನದಕ್ಕೂ ಕೆಳಗಿನದಕ್ಕೂ ಎಕರೆಗೆ ಹತ್ತಿರಹತ್ತಿರ ಒಂದು ಚೀಲದ ಅಂತರ! ನಾಲ್ಕೆಕರೆಯ ಒಕ್ಕಲಿಗೆ ಇದು ನಾಲ್ಕು ಚೀಲ. ಪರೀಕ್ಷೆಯಿಲ್ಲದೆ ಮೂರು ಚೀಲ ಸುರಿದವನು ಯೂರಿಯಾ ಒಂದರಿಂದಲೇ ೬೨ ಕಿಲೋ ಸಾರಜನಕ ಹಾಕಿದಂತಾಯಿತು. ಅಷ್ಟನ್ನು ಈ ಮೂರರಲ್ಲಿ ಯಾವ ಮಣ್ಣೂ ಕೇಳಿರಲಿಲ್ಲ.

ಈ ಲೆಕ್ಕ ಮಾದರಿಗಾಗಿ ಮಾತ್ರ. ಬಿಳಿಜೋಳ, ಭತ್ತ, ನೀರಾವರಿಯ ಗೋವಿನಜೋಳಗಳ ಶಿಫಾರಸು ಬೇರೆ ಬೇರೆ. ಅವುಗಳನ್ನು ಕೃಷಿ ವಿಜ್ಞಾನ ಕೇಂದ್ರದವರಿಂದ ಕೇಳಿ ತಿಳಿಯಬೇಕು. ಕ್ರಮವಾದರೋ ಎಲ್ಲಕ್ಕೂ ಒಂದೇ.

ಕಾಲವೂ ಮಾತ್ರೆಯ ಅಂಗ

ರಂಜಕ, ಪೊಟ್ಯಾಷ್‌ಗಳು ಮಣ್ಣನ್ನು ಬಹುಮಟ್ಟಿಗೆ ಹಿಡಿದುಕೊಂಡಿರುತ್ತವೆ. ಸಾರಜನಕ ಮಾತ್ರ ನಿಂತಲ್ಲಿ ನಿಲ್ಲುವ ಜಾತಿಯದಲ್ಲ. ಮಸಾರಿಯಲ್ಲಿ ಜೋರು ಮಳೆಗೆ ಬಸಿದು ಬೇರಿನ ಕೆಳಗೆ ಇಳಿಯುತ್ತದೆ; ಎರೆಯಲ್ಲಿ ನೀರು ನಿಂತರೆ ಅನಿಲವಾಗಿ ಹೋಗುತ್ತದೆ; ಒಣಮಣ್ಣಿನ ಮೇಲೆ ಎರಚಿ ಬಿಟ್ಟ ಯೂರಿಯಾ ಅಮೋನಿಯಾ ಆಗಿ ಹಾರಿಹೋಗುತ್ತದೆ. ಆದುದರಿಂದ ಬೇಸಗೆಯ ಪರೀಕ್ಷೆ ಒಟ್ಟು ಪ್ರಮಾಣವನ್ನು ಹೇಳಬಲ್ಲದೇ ಹೊರತು, ಆಷಾಢದ ಮಳೆ ಏನು ಮಾಡೀತೆಂಬುದನ್ನು ಹೇಳಲಾರದು. ಆ ಕೊರತೆಯನ್ನು ಒಕ್ಕಲಿನ ವಿವೇಕವೇ ತುಂಬಬೇಕು.

ಅದಕ್ಕಾಗಿಯೇ ಸಾರಜನಕವನ್ನು ಒಮ್ಮೆಗೇ ಹಾಕದೆ ಕಂತುಕಂತಾಗಿ ಹಾಕೆನ್ನುತ್ತಾರೆ. ಬಿತ್ತುವಾಗ ಡಿ.ಎ.ಪಿ.ಯಲ್ಲಿರುವುದರೊಡನೆ ಸ್ವಲ್ಪ, ಸುಮಾರು ೩೦ ದಿನಕ್ಕೆ, ಬೆಳೆ ಮೊಣಕಾಲೆತ್ತರ ಬಂದಾಗ, ದೊಡ್ಡ ಪಾಲು, ಸುಮಾರು ೫೦ ದಿನಕ್ಕೆ, ಗಂಡುಹೂ ತಲೆಯೆತ್ತುವ ಮುಂಚೆ, ಉಳಿದದ್ದು. ಮಣ್ಣು ಹಸಿಯಾಗಿರುವಾಗ ಸಾಲಿನ ಬದಿಗೆ ಹಾಕಿ ಎಡೆಕುಂಟೆ ಹೊಡೆದು ಮುಚ್ಚಬೇಕು. ನಡುವೆ ಮಳೆ ಕೈಕೊಟ್ಟು ಬೆಳೆ ಸೊರಗಿದರೆ ಕೊನೆಯ ಕಂತನ್ನು ಕಡಿಮೆ ಮಾಡುವ ಅಥವಾ ಕೈಬಿಡುವ ಸ್ವಾತಂತ್ರ್ಯ ರೈತನಲ್ಲಿ ಉಳಿಯುತ್ತದೆ. ಮೊದಲೇ ಎಲ್ಲವನ್ನೂ ಸುರಿದವನಿಗೆ ಆ ಸ್ವಾತಂತ್ರ್ಯವಿಲ್ಲ.

ಎಲೆಯ ಹಳದಿಯೆಲ್ಲ ಸಾರಜನಕದ ಕೊರತೆಯೆಂದೂ ತಿಳಿಯಬಾರದು. ಸಾರಜನಕ ಸಾಲದಿದ್ದರೆ ಗೋವಿನಜೋಳದ ಬುಡದ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತವೆ. ಎಳೆಯ ಎಲೆಗಳಲ್ಲಿ ಬಿಳಿಯ ಪಟ್ಟೆಗಳು ಮೂಡಿದರೆ ಅದು ಸತುವಿನ ಕೊರತೆಯಿರಬಹುದು. ಅದಕ್ಕೆ ಯೂರಿಯಾ ಹಾಕಿ ಫಲವಿಲ್ಲ. ೨೦೦೯ರಲ್ಲಿ ರಾಜ್ಯ ಸರಕಾರವು ಇಕ್ರಿಸ್ಯಾಟ್ ಸಂಸ್ಥೆಯ ಸಹಾಯದಿಂದ ಕೈಗೊಂಡ ಭೂಚೇತನ ಯೋಜನೆಯ ಮೊದಲ ಆರು ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಗಂಧಕ, ಸತು, ಬೋರಾನ್‌ಗಳ ಕೊರತೆ ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ವ್ಯಾಪಕವಾಗಿದೆಯೆಂಬುದು ಆಗ ನಡೆದ ಮಣ್ಣು ಪರೀಕ್ಷೆಗಳಿಂದ ತಿಳಿದುಬಂತು. ಪದ್ಯದ ಸಾಲಿನಲ್ಲಿ ಒಂದು ಮಾತ್ರೆ ಕುಂದಿದರೆ ಉಳಿದ ಮಾತ್ರೆಗಳು ಎಷ್ಟು ಸರಿಯಾಗಿದ್ದರೂ ಲಯ ಕೂಡುವುದಿಲ್ಲ. ಒಂದು ಗಣಕ್ಕೆ ಮಾತ್ರೆ ಹೆಚ್ಚಿಸಿ ಇನ್ನೊಂದರ ಕೊರತೆಯನ್ನು ತುಂಬಲೂ ಆಗದು. ಬೆಳೆಯ ಛಂದಸ್ಸೂ ಹಾಗೆಯೇ. 

ಕೊನೆಯದಾಗಿ ಒಂದು ಸುಲಭವಾದ ಸಾಕ್ಷಿಯಿದೆ. ಹೊಲದಲ್ಲಿ ನಾಲ್ಕು ಸಾಲುಗಳಿಗೆ ಹಳೆಯ ರೂಢಿಯಂತೆ, ನಾಲ್ಕಕ್ಕೆ ಚೀಟಿಯ ಲೆಕ್ಕದಂತೆ ಗೊಬ್ಬರ ಹಾಕಿ, ಸುಗ್ಗಿಯಲ್ಲಿ ಎರಡರ ತೆನೆಯನ್ನೂ ಬೇರೆ ಬೇರೆ ಒಕ್ಕಿ ತೂಗಬೇಕು. ಪಂಡಿತನ ಮಾತನ್ನಾಗಲಿ ಅಂಗಡಿಯವರ ಮಾತನ್ನಾಗಲಿ ನಂಬುವ ಅಗತ್ಯವೇ ಬೀಳದು.

ನಮ್ಮ ಶಾಲೆಯ ಕರ್ತವ್ಯ

ಆ ರೈತರು ಮರುಬೇಸಗೆಯಲ್ಲಿ ಮಗನನ್ನು ಕರೆದುಕೊಂಡು ತಮ್ಮ ಎರಡು ಹೊಲಗಳ ಮಣ್ಣನ್ನು ತಾವೇ ತೆಗೆದರು. ಊರ ಮಗ್ಗುಲಿನ ಹೊಲ, ವರ್ಷವರ್ಷವೂ ತಿಪ್ಪೆಗೊಬ್ಬರ ಉಂಡದ್ದು, ‘ಮಧ್ಯಮ’ ಎಂದು ಬಂತು. ದೂರದ ಮಸಾರಿ ‘ಕಡಿಮೆ’ ಎಂದೇ ಬಂತು. ಹಿಂದಿನ ಚೀಟಿ ಎರಡಕ್ಕೂ ಒಂದೇ ಅಂಕಿಯನ್ನು ಹೇಳಿತ್ತು. “ಒಂದ ಮನ್ಯಾಗ ಇಬ್ಬರು ಮಕ್ಕಳಿದ್ರೂ ಹಸಿವು ಬ್ಯಾರೆ ಬ್ಯಾರೆ ಇರತೈತಿ ಅಲ್ರಿ ಗುರುಗಳ” ಎಂದು ಅವರು ನಕ್ಕರು. ನಾನು ಇಷ್ಟು ಪುಟಗಳಲ್ಲಿ ಹೇಳಹೊರಟದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದರು. ಲೆಕ್ಕವನ್ನು ಬರೆದುಕೊಂಡವನು ಅವರ ಮಗ. ಹೆಕ್ಟೇರನ್ನು ಎಕರೆಗೆ ಇಳಿಸುವುದನ್ನು ಅವನು ನಮ್ಮ ಶಾಲೆಯಲ್ಲಿಯೇ ಕಲಿತಿದ್ದನು.

ಇದನ್ನು ಕಂಡು ನನ್ನ ಮನಸ್ಸಿನಲ್ಲಿ ಮೂಡಿದ ವಿಚಾರವನ್ನು ಸಹೋದ್ಯೋಗಿಗಳ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದಿಡುತ್ತೇನೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಹಳ್ಳಿಗಳಿಂದ ಬರುವ ನಮ್ಮ ಮಕ್ಕಳಲ್ಲಿ ಒಕ್ಕಲು ಮನೆತನದವರೇ ಬಹಳ. ವರ್ಷಕ್ಕೊಮ್ಮೆ ಬೇಸಗೆಯ ರಜೆಗೆ ಮುಂಚೆ ಪ್ರತಿ ವಿದ್ಯಾರ್ಥಿಗೆ ಒಂದೆರಡು ಬಟ್ಟೆಚೀಲಗಳನ್ನು ಕೊಟ್ಟು, ಮಣ್ಣು ತೆಗೆಯುವ ಕ್ರಮವನ್ನು ಶಾಲೆಯ ಅಂಗಳದಲ್ಲಿಯೇ ಮಾಡಿ ತೋರಿಸಬಹುದು. ಬಂದ ಚೀಟಿಗಳನ್ನು ವಿಜ್ಞಾನದ ಗುರುಗಳು, ಗಣಿತದ ಗುರುಗಳು, ಕನ್ನಡದ ಗುರುಗಳು ಕೂಡಿ ಓದಿಸಬಹುದು. ಸರ್ವೆ ನಂಬರಿನಂತೆ ಅಂಕಿಗಳನ್ನು ಒಂದು ದಫ್ತರದಲ್ಲಿ ವರ್ಷವರ್ಷವೂ ಬರೆದಿಟ್ಟರೆ, ನಮ್ಮ ಹೊಲಗಳ ಸಾವಯವ ಇಂಗಾಲ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದಕ್ಕೆ ಅದೇ ಪ್ರಮಾಣಗ್ರಂಥವಾದೀತು. ಕೃಷಿ ಇಲಾಖೆಯಲ್ಲಿಯೂ ವಿಶ್ವವಿದ್ಯಾಲಯದಲ್ಲಿಯೂ ಸೇವೆಯಲ್ಲಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಒಂದು ದಿನ ಬಂದು ಕೈಜೋಡಿಸಿದರೆ ಸಾಕು. ದಾನಿಗಳು ಕಟ್ಟಡಕ್ಕೆ ಕೊಡುವ ಕಾಣಿಕೆಯಲ್ಲಿ ಒಂದು ಅಲ್ಪ ಭಾಗ ಇದಕ್ಕೆ ಸಾಕಾದೀತು.

ಶರಣರ ಅನುಭಾವದ ಮಂಟಪದಲ್ಲಿ ಒಕ್ಕಲುತನವನ್ನೇ ಕಾಯಕವಾಗಿ ಕೈಕೊಂಡ ಒಕ್ಕಲಿಗ ಮುದ್ದಣ್ಣನಿಗೂ ವಚನಕಾರನ ಸ್ಥಾನವಿತ್ತು. ಕೈಯ ಕೆಲಸಕ್ಕೂ ಅರಿವಿಗೂ ಅಲ್ಲಿ ಬದು ಇರಲಿಲ್ಲ. ಶ್ರೀಮಠದ ದಾಸೋಹಕ್ಕೆ ಬರುವ ಕಾಳು ಈ ಹೊಲಗಳದ್ದೇ. ಅದನ್ನುಂಡು ಓದುವ ಮಕ್ಕಳು ಆ ಹೊಲದ ಚೀಟಿಯನ್ನು ಓದಲು ಕಲಿಯುವುದು ಋಣ ತೀರಿಸುವ ಒಂದು ದಾರಿ. ಅಳತೆಯರಿತು ಕೊಟ್ಟದ್ದು ಬೆಳೆಗೆ ಅನ್ನ. ಅಳತೆದಪ್ಪಿ ಸುರಿದದ್ದು ಸಾಲ. ಈ ವಿವೇಕವು ನಮ್ಮ ಮಕ್ಕಳ ಮೂಲಕ ಮನೆಮನೆಗೆ ತಲುಪಲೆಂದು ಹಾರೈಸಿ ವಿರಮಿಸುತ್ತೇನೆ.